ಹೂವಿನ ಕಣಿವೆಗೆ ಹತ್ತುವ ಮುನ್ನಿನ ರಾತ್ರಿ: ಜೋಶಿಮಠವೋ, ಗೋವಿಂದಘಾಟೋ?

ಕಲಬುರಗಿಯಿಂದ ಉತ್ತರಾಖಂಡದ ಹೂವಿನ ಕಣಿವೆ ರಾಷ್ಟ್ರೀಯ ಉದ್ಯಾನಕ್ಕೆ ಹೊರಡುವ ಪರಿಚಯಸ್ಥರು ನನ್ನನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ಬೆಟ್ಟ ಹತ್ತುವ ಮುನ್ನಿನ ರಾತ್ರಿ ಜೋಶಿಮಠದಲ್ಲಿ ಉಳಿಯಬೇಕೋ, ಗೋವಿಂದಘಾಟಿನಲ್ಲೋ? ಎರಡೂ ಬದರಿನಾಥಕ್ಕೆ ಹೋಗುವ 7ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರುಗಳು; ನಡುವೆ ಸುಮಾರು 20 ಕಿ.ಮೀ. ಅಂತರ. 2022ರ ಆಗಸ್ಟ್‌ನಲ್ಲಿ ಕಾಕಾ ಮತ್ತು ಅವರ ಮಗನೊಂದಿಗೆ ಜೋಶಿಮಠದಲ್ಲಿ ಉಳಿದು ಹತ್ತಿದೆ; 2024ರ ಆಗಸ್ಟ್‌ನಲ್ಲಿ ಅಣ್ಣ, ವೈನಿಯರೊಂದಿಗೆ ಗೋವಿಂದಘಾಟಿನಲ್ಲಿ ಉಳಿದು ಹತ್ತಿದೆ. ಹೀಗಾಗಿ ಎರಡನ್ನೂ ತೂಗಿ ನೋಡುವ ಅವಕಾಶ ನನಗೆ ದೊರೆತಿದೆ.

ಪ್ರಯಾಣದ ದಣಿವು ಎರಡೂ ಸಲ ಒಂದೇ ಆಗಿತ್ತು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದು ದೆಹಲಿ ಸೇರಿ, ಅಲ್ಲಿಂದ ಹರಿದ್ವಾರಕ್ಕೆ ಹೋಗಿ, ಮರುದಿನ ನಸುಕಿನ ಬಸ್ಸು ಹಿಡಿಯಬೇಕು. ಋಷಿಕೇಶದಿಂದ ಜೋಶಿಮಠ ಸುಮಾರು 250 ಕಿ.ಮೀ. ಮಾತ್ರ, ಆದರೆ ಮಳೆಗಾಲದ ಆ ತಿರುವುಗಳಲ್ಲಿ ಇಡೀ ಹಗಲು ಸಾಲದು. ಎರಡೂ ಊರುಗಳು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,800ರಿಂದ 1,900 ಮೀಟರ್ ಎತ್ತರದಲ್ಲಿವೆ. ಆದ್ದರಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಿಂದ ಬಂದ ಮೈಯನ್ನು ಬೆಟ್ಟದ ಗಾಳಿಗೆ ಒಗ್ಗಿಸುವ ವಿಷಯದಲ್ಲಿ ಒಂದು ಮೇಲು, ಇನ್ನೊಂದು ಕೀಳು ಎನ್ನುವಂತಿಲ್ಲ.

ಊರು ಎಂಬ ಲೆಕ್ಕದಲ್ಲಿ ಜೋಶಿಮಠವೇ ದೊಡ್ಡದು. ಬ್ಯಾಂಕು, ಔಷಧಿ ಅಂಗಡಿ, ಆಸ್ಪತ್ರೆ, ಬೇಕಾದಷ್ಟು ವಸತಿಗೃಹಗಳು ಅಲ್ಲಿವೆ. ಶಂಕರಾಚಾರ್ಯರ ನಾಲ್ಕು ಮಠಗಳಲ್ಲಿ ಒಂದಾದ ಜ್ಯೋತಿರ್ಮಠ ಇದೇ. ಶೃಂಗೇರಿ ಕಂಡ ನಮ್ಮವರಿಗೆ ಇದರ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಚಳಿಗಾಲದಲ್ಲಿ ಬದರಿನಾಥನ ಪೂಜೆ ನಡೆಯುವ ನರಸಿಂಹ ದೇವಾಲಯವೂ ಇಲ್ಲಿದೆ. ಆ ಗುಡಿಯ ಕಲ್ಲುಹಾಸಿನ ಮೇಲೆ ಕುಳಿತು ಸಂಜೆ ಕಳೆಯುವುದರಲ್ಲಿ ಕಾಕಾ ಎಷ್ಟು ತೃಪ್ತರಾದರೆಂದರೆ, ಮರುದಿನ ಕಣಿವೆಗೆ ಹೋಗುವ ಮಾತನ್ನೇ ಮರೆತಂತಿದ್ದರು.

ತೊಂದರೆ ಎದುರಾದದ್ದು ಮರುದಿನ ಬೆಳಿಗ್ಗೆ. ಗೋವಿಂದಘಾಟಿಗೆ ಹೋಗುವ ಜೀಪು ಜನ ತುಂಬುವವರೆಗೆ ಹೊರಡುವುದಿಲ್ಲ. ಆರಕ್ಕೆ ಚಹಾ ಕುಡಿದು ನಿಂತವರು ಎಂಟೂವರೆಗೆ ಜೀಪಿನಲ್ಲಿ ಕುಳಿತೆವು. ದಾರಿಯಲ್ಲಿ ಗುಡ್ಡ ಜರಿದು ಬಿದ್ದಿದ್ದ ಮಣ್ಣನ್ನು ಜೆಸಿಬಿ ತೆಗೆಯುವವರೆಗೆ ಮತ್ತೆ ಕಾದೆವು. ಗೋವಿಂದಘಾಟಿನಿಂದ ಪುಲ್ನಾವರೆಗೆ ಸುಮಾರು 4 ಕಿ.ಮೀ. ವಾಹನದ ರಸ್ತೆ, ಅಲ್ಲಿಂದ, ಕಣಿವೆಗೆ ಹೋಗುವವರು ರಾತ್ರಿ ತಂಗುವ ಘಾಂಘರಿಯಾವರೆಗೆ ಸುಮಾರು 10 ಕಿ.ಮೀ. ಕಾಲುದಾರಿ. ನಾವು ಪುಲ್ನಾ ಬಿಟ್ಟಾಗ ಹನ್ನೊಂದು ದಾಟಿತ್ತು. ಭ್ಯೂಂಡಾರ್ ಹಳ್ಳಿಯ ಬಳಿ ಮಳೆ ಹಿಡಿಯಿತು. ದಾರಿಯ ನಿಜವಾದ ಏರು ಶುರುವಾಗುವುದು ಅದರಾಚೆಯೇ. ಕಾಕಾ ಹೇಸರಗತ್ತೆಯ ಮೇಲೆ, ನಾವಿಬ್ಬರು ಅದರ ಹಿಂದೆ ಕೆಸರಿನಲ್ಲಿ, ಕತ್ತಲಾಗುವ ಹೊತ್ತಿಗೆ ಘಾಂಘರಿಯಾ ಸೇರಿದೆವು. ಮರುದಿನ ಮೈಯೆಲ್ಲ ನೋವು. ಉದ್ಯಾನದೊಳಗೆ ರಾತ್ರಿ ಉಳಿಯಲು ಅನುಮತಿಯಿಲ್ಲದ ಕಾರಣ ಸಂಜೆಯೊಳಗೆ ಹೊರಬರಬೇಕು. ತಡವಾಗಿ ಹೊರಟ ನಾವು ಕಣಿವೆಯ ಆರಂಭದ ಹೂಗಳನ್ನಷ್ಟೇ ನೋಡಿ ಮರಳಿದೆವು.

ಗೋವಿಂದಘಾಟಿನ ರಾತ್ರಿಯನ್ನು ಸುಖದ ರಾತ್ರಿ ಎಂದರೆ ಸುಳ್ಳಾದೀತು. ಅಲಕನಂದೆಯ ಇಕ್ಕಟ್ಟಾದ ದಂಡೆಯಲ್ಲಿ ಒತ್ತೊತ್ತಾಗಿ ಕಟ್ಟಿದ ಊರದು. ನದಿಯ ಭೋರ್ಗರೆತದಲ್ಲಿ ಪಕ್ಕದ ಹಾಸಿಗೆಯವರ ಮಾತೂ ಕೇಳಿಸುವುದಿಲ್ಲ. ನಾವು ಹಿಡಿದ ಕೋಣೆಯಲ್ಲಿ ಬಿಸಿನೀರಿಗೆ ಬಕೆಟ್ ಲೆಕ್ಕದಲ್ಲಿ ಹಣ ಕೇಳಿದರು, ತಂದಿಟ್ಟ ನೀರು ಉಗುರುಬೆಚ್ಚಗೂ ಇರಲಿಲ್ಲ. ವೈನಿ ಮನೆಯಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಖಡಕ್ ರೊಟ್ಟಿ, ಹರಿದ್ವಾರದವರೆಗೆ ಮುರಿದರೆ ಚಟ್ಟನೆ ಸದ್ದು ಮಾಡುತ್ತಿದ್ದದ್ದು, ಅಲ್ಲಿ ಒಂದೇ ರಾತ್ರಿಯಲ್ಲಿ ಥಂಡಿ ಹಿಡಿದು ಚರ್ಮದ ಹಾಗೆ ಬಾಗತೊಡಗಿತು; ಅದನ್ನು ಶೇಂಗಾ ಹಿಂಡಿಯೊಂದಿಗೆ ಜಗಿಯುವುದೇ ಒಂದು ವ್ಯಾಯಾಮವಾಯಿತು. ಗುರುದ್ವಾರದ ಲಂಗರಿನಲ್ಲಿ, ಅಂದರೆ ಉಚಿತ ಭೋಜನಶಾಲೆಯಲ್ಲಿ, ಬಿಸಿ ದಾಲ್ ಮತ್ತು ರೋಟಿ ಸಿಕ್ಕಿದ್ದರಿಂದ ಊಟದ ಚಿಂತೆ ತೀರಿತು. ಸಿಖ್ಖರ ತೀರ್ಥಕ್ಷೇತ್ರವಾದ ಹೇಮಕುಂಡ ಸಾಹಿಬ್‌ಗೆ ಹೋಗುವ ಯಾತ್ರಿಕರಿಗಾಗಿ ಇರುವ ಈ ವ್ಯವಸ್ಥೆಯಲ್ಲಿ ಬಂದವರ ಜಾತಿ, ಊರು ಕೇಳುವುದಿಲ್ಲ. ಬಸವಣ್ಣನ ನಾಡಿನಿಂದ ಹೋದ ನಮಗೆ ಆ ಪಂಕ್ತಿ ಹೊಸದೆನಿಸಲಿಲ್ಲ.

ಇಷ್ಟೆಲ್ಲ ಅನಾನುಕೂಲಗಳಿಗೆ ಬದಲಾಗಿ ದೊರೆತದ್ದು ಬೆಳಗಿನ ಹೊತ್ತು. ಆರು ಗಂಟೆಗೆ ನಾವು ಪುಲ್ನಾದಲ್ಲಿದ್ದೆವು, ಮಳೆ ಬರುವ ಮುನ್ನ ಘಾಂಘರಿಯಾದಲ್ಲಿ ಬೂಟು ಬಿಚ್ಚಿದೆವು, ಮಧ್ಯಾಹ್ನವಿಡೀ ಮಲಗಿದೆವು. ಮರುದಿನ ಕಣಿವೆಯ ಒಳಗೆ, 1939ರಲ್ಲಿ ಹೂಗಳನ್ನು ಸಂಗ್ರಹಿಸುವಾಗ ಜಾರಿಬಿದ್ದು ತೀರಿಕೊಂಡ ಸಸ್ಯಶಾಸ್ತ್ರಜ್ಞೆ ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿಯವರೆಗೂ ನಡೆದುಹೋದೆವು. 87.5 ಚದರ ಕಿ.ಮೀ. ವಿಸ್ತಾರದ ಉದ್ಯಾನದಲ್ಲಿ ನಾವು ನೋಡಿದ್ದು ಒಂದು ಮೂಲೆಯಷ್ಟೇ ಆದರೂ, ಎದೆಯೆತ್ತರ ಬೆಳೆದ ಗುಲಾಬಿ ಬಣ್ಣದ ಹೂಗಿಡಗಳ ನಡುವೆ ಅಣ್ಣ ಮುಂದೆ ನಡೆದಾಗ ಅವನ ಟೋಪಿ ಮಾತ್ರ ಕಾಣುತ್ತಿತ್ತು. 2022ರಲ್ಲಿ ಇದರ ಕಾಲುಭಾಗವನ್ನೂ ನಾನು ಕಂಡಿರಲಿಲ್ಲ.

ಜೋಶಿಮಠದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹಳೆಯ ಭೂಕುಸಿತದ ಮಣ್ಣಿನ ರಾಶಿಯ ಮೇಲೆ ನಿಂತಿರುವ ಆ ಊರಿನಲ್ಲಿ ಭಾರಿ ಕಟ್ಟಡಗಳು ಬೇಡವೆಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟವು, ಒಂದಕ್ಕೊಂದು ಒರಗಿದ ಎರಡು ಹೋಟೆಲುಗಳನ್ನು ಕೆಡವಲಾಯಿತು, ಔಲಿಗೆ ಹೋಗುವ ರೋಪ್‌ವೇ ನಿಂತಿತು. 2024ರಲ್ಲಿ ಇಳಿದು ಬರುವಾಗ ಗೋಡೆಗಳ ಮೇಲೆ ಕೆಂಪು ಬಣ್ಣದ ಗುಣಾಕಾರ ಚಿಹ್ನೆಗಳನ್ನು ನೋಡಿದೆ. ಗೋವಿಂದಘಾಟೂ ನಿರಪಾಯದ ಜಾಗವೇನಲ್ಲ: 2025ರ ಮಾರ್ಚ್‌ನಲ್ಲಿ ಬೆಟ್ಟದಿಂದ ಉರುಳಿದ ಬಂಡೆಗಳು ಅಲ್ಲಿನ ಸೇತುವೆಯನ್ನೇ ಮುರಿದವು.

ಜೋಶಿಮಠಕ್ಕಿಂತ 35 ಕಿ.ಮೀ. ಹಿಂದಿರುವ ಪೀಪಲ್‌ಕೋಟಿಯಲ್ಲಿ ಬಸ್ಸು ತಡವಾದಾಗ ಒಮ್ಮೆ ಉಳಿದದ್ದುಂಟು. ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ನನ್ನ ಅಭಿಪ್ರಾಯದಲ್ಲಿ ಹತ್ತುವ ಮುನ್ನಿನ ರಾತ್ರಿಗೆ ಗೋವಿಂದಘಾಟ್, ಇಳಿದ ಮೇಲಿನ ರಾತ್ರಿಗೆ ಜೋಶಿಮಠ ಸೂಕ್ತ. ಕಾಕಾನಂತೆ ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದರೆ, ಅವರನ್ನು ಯಾರಾದರೊಬ್ಬರ ಜೊತೆಯಲ್ಲಿ ಜೋಶಿಮಠದಲ್ಲೇ ಉಳಿಸಿ, ಉಳಿದವರು ಹೋಗಿ ಬಂದ ಮೇಲೆ ಎಲ್ಲರೂ ಕೂಡಿ 45 ಕಿ.ಮೀ. ದೂರದ ಬದರಿನಾಥಕ್ಕೆ ಹೋಗುವುದು ಒಳ್ಳೆಯದು. ಕೋಣೆ ಹಿಡಿಯುವಾಗ ಬಿಸಿನೀರು ನಲ್ಲಿಯಲ್ಲಿ ಬರುವುದೋ ಬಕೆಟ್‌ನಲ್ಲಿ ಬರುವುದೋ ಎಂದು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿರಿ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತದೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ.