ಲಾಸ್ ಆಲ್ಗೊಡೊನೆಸ್‌ನಲ್ಲಿ ಹಲ್ಲಿನ ಇಂಪ್ಲಾಂಟ್: ಎರಡು ಪ್ರಯಾಣಗಳ ನಂತರದ ಅಭಿಪ್ರಾಯ

ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ ನೆಲೆಸಿರುವ ನಾನು, ಕೆಳದವಡೆಯ ಹಲ್ಲೊಂದನ್ನು ಕೀಳಿಸಿದ ಜಾಗಕ್ಕೆ ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಾಗಿ ದವಡೆಯ ಎಲುಬಿಗೆ ಕೂರಿಸುವ ಟೈಟಾನಿಯಂ ತಿರುಪು) ಹಾಕಿಸಿಕೊಳ್ಳಲು ಈ ವರ್ಷ ಜನವರಿಯಲ್ಲಿ ಒಮ್ಮೆ, ಮೇ ತಿಂಗಳಿನಲ್ಲಿ ಮತ್ತೊಮ್ಮೆ ಮೆಕ್ಸಿಕೋ ಗಡಿಯ ಲಾಸ್ ಆಲ್ಗೊಡೊನೆಸ್‌ಗೆ ಹೋಗಿ ಬಂದೆ. ಇಂಪ್ಲಾಂಟ್ ಮತ್ತು ಅದರ ಮೇಲಿನ ಕ್ಯಾಪ್ ಸೇರಿ ನಮ್ಮೂರಿನ ದಂತವೈದ್ಯರು ಹೇಳಿದ್ದು 4,600 ಡಾಲರ್; ಅಲ್ಲಿ ನಾನು ಕೊಟ್ಟದ್ದು 1,700 ಡಾಲರ್. ನಮ್ಮ ಕಡೆಯವರು ಸಾಮಾನ್ಯವಾಗಿ ಇಂಥ ಕೆಲಸಗಳನ್ನು ಬೆಂಗಳೂರಿಗೆ ಹೋದಾಗ ಮಾಡಿಸಿಕೊಳ್ಳುತ್ತಾರೆ, ನನಗೂ ಮೊದಲು ಬಂದ ಯೋಚನೆ ಅದೇ. ಆದರೆ ಟೈಟಾನಿಯಂ ತಿರುಪು ದವಡೆಯ ಎಲುಬಿನೊಂದಿಗೆ ಬೆಸೆದುಕೊಳ್ಳಲು ಮೂರರಿಂದ ಆರು ತಿಂಗಳು ಬೇಕಾಗುವುದರಿಂದ, ಮೂರು ವಾರದ ರಜೆಯಲ್ಲಿ ಈ ಚಿಕಿತ್ಸೆ ಮುಗಿಯುವಂಥದ್ದಲ್ಲ. ಎರಡು ಸಲ ವಿಮಾನದ ಟಿಕೆಟ್ ಕೊಂಡರೆ ಉಳಿತಾಯದ ಮಾತೇ ಇರುವುದಿಲ್ಲ.

ಕೆಲವೇ ಸಾವಿರ ಜನರಿರುವ ಈ ಪುಟ್ಟ ಊರಿನಲ್ಲಿ ನೂರಾರು ದಂತವೈದ್ಯರಿದ್ದಾರೆ. ಗಡಿಯಿಂದ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಹಲ್ಲಿನ ಆಸ್ಪತ್ರೆ, ಕನ್ನಡಕದ ಅಂಗಡಿ, ಔಷಧದ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಅಮೆರಿಕದಲ್ಲಿ ಹಿರಿಯರಿಗಿರುವ ಮೆಡಿಕೇರ್ ವಿಮೆ ಹಲ್ಲಿನ ಸಾಮಾನ್ಯ ಚಿಕಿತ್ಸೆಗೆ ಹಣ ಕೊಡದಿರುವುದು ಈ ಊರು ಬೆಳೆದುದಕ್ಕೆ ದೊಡ್ಡ ಕಾರಣ. ಚಳಿಗಾಲವನ್ನು ಗಡಿಗೆ ಹತ್ತಿರದ ಅರಿಜೋನಾದ ಯೂಮಾ ನಗರದ ಬಿಸಿಲಿನಲ್ಲಿ ಕಳೆಯಲು ಬರುವ ಅಮೆರಿಕ ಮತ್ತು ಕೆನಡಾದ ನಿವೃತ್ತರೇ ಇಲ್ಲಿನ ಮುಖ್ಯ ರೋಗಿಗಳು. ಕಾರನ್ನು ಅಮೆರಿಕದ ಬದಿಯಲ್ಲಿ, ಕ್ವೆಚಾನ್ ಬುಡಕಟ್ಟಿನವರು ನಡೆಸುವ ನಿಲ್ದಾಣದಲ್ಲಿ ಬಿಟ್ಟು, ನಡೆದೇ ಗಡಿ ದಾಟಬಹುದು. ಗ್ರೀನ್ ಕಾರ್ಡ್ ಅಥವಾ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೋದ ಪ್ರತ್ಯೇಕ ವೀಸಾ ಬೇಕಾಗಿಲ್ಲ. ಪಾಸ್‌ಪೋರ್ಟಿನ ವೀಸಾ ಅವಧಿ ಮುಗಿದಿರುವವರು ಮಾತ್ರ ವಕೀಲರನ್ನು ಕೇಳದೆ ಹೊರಡಬಾರದು.

ಚಿಕಿತ್ಸೆಯ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ. ಮೊದಲು ದವಡೆಯ ಮೂರು ಆಯಾಮದ ಸ್ಕ್ಯಾನ್ ತೆಗೆದು, ಎಲುಬಿನ ದಪ್ಪವನ್ನೂ ಕೆಳಗೆ ಹಾದುಹೋಗುವ ನರದ ದೂರವನ್ನೂ ಪರದೆಯ ಮೇಲೆ ತೋರಿಸಿ ವಿವರಿಸಿದ ಬಳಿಕವೇ ವೈದ್ಯರು ಅರಿವಳಿಕೆ ಕೊಟ್ಟರು. ಉಪಕರಣಗಳ ಪೊಟ್ಟಣಗಳನ್ನು ನನ್ನ ಕಣ್ಣೆದುರಿಗೇ ಒಡೆದರು. ಒಂದು ಗಂಟೆಯೊಳಗೆ ತಿರುಪು ಕೂತು ಹೊಲಿಗೆಯೂ ಮುಗಿದಿತ್ತು, ಅಂದು ರಾತ್ರಿ ನೋವಿನ ಮಾತ್ರೆಯೊಂದು ಸಾಕಾಯಿತು. ಆದರೆ ಅರಿವಳಿಕೆ ಇಳಿಯುತ್ತಿರುವಾಗ ಮೂರು ಗಂಟೆ ಕಾರು ಓಡಿಸಿಕೊಂಡು ಬಂದದ್ದು ನಾನು ಮಾಡಿದ ತಪ್ಪು. ಯೂಮಾದಲ್ಲಿ ಒಂದು ರಾತ್ರಿ ತಂಗುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡಿ.

ಗಡಿಯ ಸಾಲಿನ ಬಗ್ಗೆಯೂ ಹೇಳಬೇಕು. ಜನವರಿಯಲ್ಲಿ ಹಿಂತಿರುಗುವಾಗ, ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಎರಡು ಗಂಟೆ ನಿಂತೆ. ಮೇ ತಿಂಗಳಿನಲ್ಲಿ ಹದಿನೈದು ನಿಮಿಷವೂ ಆಗಲಿಲ್ಲ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಅರಿಜೋನಾಕ್ಕಿಂತ ಒಂದು ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಎರಡೂ ಒಂದೇ; ಇದು ತಿಳಿಯದೆ ಮೊದಲ ಸಲ ನಾನು ಒಂದು ಗಂಟೆ ಮುಂಚೆಯೇ ಹೋಗಿ ಕುಳಿತಿದ್ದೆ.

ನನ್ನ ನಿಜವಾದ ದೂರು ಇರುವುದು ಕಾಗದಪತ್ರದ ವಿಷಯದಲ್ಲಿ. ಮಾರ್ಚ್ ತಿಂಗಳಿನಲ್ಲಿ ಒಸಡಿನ ಮೇಲಿದ್ದ ತಾತ್ಕಾಲಿಕ ಮುಚ್ಚಳ ಸಡಿಲವಾಯಿತು. ಚಾಂಡ್ಲರ್‌ನ ವೈದ್ಯರು ಅದನ್ನು ಬಿಗಿಮಾಡಲು ಒಪ್ಪಿದರಾದರೂ, ಇಂಪ್ಲಾಂಟ್ ಯಾವ ಕಂಪನಿಯದು, ಯಾವ ಅಳತೆಯದು ಎಂದು ಕೇಳಿದರು. ಒಂದು ಕಂಪನಿಯ ತಿರುಪಿಗೆ ಬಳಸುವ ಸಾಧನ ಇನ್ನೊಂದಕ್ಕೆ ಹೊಂದದಿರಬಹುದೆಂಬುದು ನನಗೆ ಗೊತ್ತಾದದ್ದೇ ಆಗ. ನನ್ನ ಕೈಯಲ್ಲಿದ್ದದ್ದು ಹಣ ಕೊಟ್ಟ ರಸೀದಿ ಮಾತ್ರ. ಗಡಿಯಾಚೆಯ ಆಸ್ಪತ್ರೆಗೆ ನಾಲ್ಕು ಸಲ ಬರೆದ ಮೇಲೆ, ಒಂಬತ್ತನೆಯ ದಿನ ಉತ್ತರ ಬಂತು. ಅಷ್ಟು ದಿನ ಗಂಜಿ, ಮೊಸರನ್ನದಲ್ಲಿ ಕಳೆದೆನೆಂಬುದಕ್ಕಿಂತಲೂ, ತಿರುಪು ಅಲುಗಿದ್ದರೆ ಯಾರನ್ನು ಕೇಳಬೇಕೆಂಬ ಆತಂಕ ನನ್ನನ್ನು ಹೆಚ್ಚು ಕಾಡಿತು. ಚಿಕಿತ್ಸೆ ಇಷ್ಟು ಚೆನ್ನಾಗಿ ಮಾಡಿದವರು ಎರಡು ಸಾಲಿನ ವಿವರವನ್ನು ಕೇಳದೆಯೇ ಕೊಡಬೇಕಿತ್ತು.

ಆದ್ದರಿಂದ ಹೋಗುವವರಿಗೆ ನನ್ನ ಒತ್ತಾಯದ ಸಲಹೆ ಇದು: ಇಂಪ್ಲಾಂಟಿನ ಪೊಟ್ಟಣದ ಮೇಲೆ ಕಂಪನಿ, ಅಳತೆ ಮತ್ತು ತಯಾರಿಕೆಯ ಲಾಟ್ ಸಂಖ್ಯೆ ಇರುವ ಚೀಟಿ ಅಂಟಿಸಿರುತ್ತಾರೆ, ಅದನ್ನು ಕೇಳಿ ಪಡೆಯದೆ ಕುರ್ಚಿಯಿಂದ ಏಳಬೇಡಿ. ಸ್ಕ್ಯಾನಿನ ಪ್ರತಿಯನ್ನೂ ಪಡೆಯಿರಿ. ಹೊರಡುವ ಮುನ್ನವೇ ನಿಮ್ಮೂರಿನ ವೈದ್ಯರೊಬ್ಬರನ್ನು ಕಂಡು, ತೊಂದರೆಯಾದರೆ ನೋಡುತ್ತೀರಾ ಎಂದು ಕೇಳಿಕೊಳ್ಳಿ, ಏಕೆಂದರೆ ಬೇರೆಯವರು ಹಾಕಿದ ಇಂಪ್ಲಾಂಟನ್ನು ಮುಟ್ಟಲು ಎಲ್ಲರೂ ಒಪ್ಪುವುದಿಲ್ಲ. ಗಡಿ ದಾಟುತ್ತಿದ್ದಂತೆ ಕೈ ಹಿಡಿದು ಕರೆಯುವವರ ಹಿಂದೆ ಹೋಗದೆ, ಮೊದಲೇ ಮಾತಾಡಿ ಲಿಖಿತ ದರಪಟ್ಟಿ ತರಿಸಿಕೊಂಡಿರಿ. ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಹೋಗಲೇಬಾರದು.

ಹಲ್ಲು ಶುಚಿಗೊಳಿಸಲು ಅಥವಾ ಒಂದು ಹುಳುಕು ತುಂಬಿಸಲು ಅಷ್ಟು ದೂರ ಹೋಗುವುದು ವ್ಯರ್ಥ. ಪೆಟ್ರೋಲು ಮತ್ತು ರಜೆಯಲ್ಲೇ ಉಳಿತಾಯ ಕರಗುತ್ತದೆ. ಬಾಯಿಯ ಹಲ್ಲುಗಳನ್ನೆಲ್ಲ ಒಂದೇ ವಾರದಲ್ಲಿ ಬದಲಿಸಿ ಕೊಡುತ್ತೇವೆಂಬ ಕೊಡುಗೆಯನ್ನು ನಾನಂತೂ ಒಪ್ಪಲಾರೆ. ಇಂಪ್ಲಾಂಟ್, ಸೇತುವೆ ಹಲ್ಲು, ಹಲವು ಕ್ಯಾಪ್‌ಗಳಂಥ ದೊಡ್ಡ ಕೆಲಸಕ್ಕಾದರೆ, ಎರಡು ಸಲ ಹೋಗಿಬರುವ ತಾಳ್ಮೆ ಇರುವವರಿಗೆ ಈ ಊರನ್ನು ಧೈರ್ಯವಾಗಿ ಹೇಳುತ್ತೇನೆ. ಐದರಲ್ಲಿ ನಾಲ್ಕು ಅಂಕ; ಉಳಿದ ಒಂದು ಆ ಒಂಬತ್ತು ದಿನಗಳಿಗೆ ಹೋಯಿತು.