ಗೌರಿಯ ಬೆನ್ನಿನ ಹೊದಿಕೆ: ಎರಡು ಮಳೆಗಾಲ ಕಳೆದ ಮೇಲೆ

ಶಿರಸಿಯ ಮಳೆಗಾಲದಲ್ಲಿ ನಾವು ಉಡುವ ಪಂಚೆಯೇ ಮೂರು ದಿನಕ್ಕೂ ಒಣಗುವುದಿಲ್ಲ, ಇನ್ನು ಕುದುರೆಯ ಹೊದಿಕೆ ಒಣಗೀತೇ? ಮೈಶಾಖವನ್ನು ಮೈಗೇ ಮರಳಿಸುವ ಈ ಬಟ್ಟೆಯ ಬಗ್ಗೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ: ಒಂದು ಸಾಲದು, ಎರಡು ಬೇಕು. ಒಂದಕ್ಕೇ ಅರ್ಧ ಕ್ವಿಂಟಲ್ ಚಾಲಿ ಅಡಿಕೆಯ ಹಣ ಹೋಯಿತು. ಹಾಗಾಗಿ ನನ್ನಲ್ಲಿ ಇರುವುದು ಒಂದೇ.

ನಮ್ಮ ಕುದುರೆ ಗೌರಿ ಬೆಂಗಳೂರಿನಲ್ಲಿ ಪಂದ್ಯಕ್ಕೆ ಓಡಿದವಳು. ಓಟ ನಿಂತ ಮೇಲೆ ನಮ್ಮ ತೋಟದ ಮನೆಗೆ ಬಂದಳು. ಈಗ ಅವಳಿಗೆ 14 ವರ್ಷ. ಮಾರಿಕಾಂಬಾ ಜಾತ್ರೆ ಮುಗಿದ ವಾರ ಮಗಳು ಜೀನು ಬಿಗಿಯಲು ಹೋದಾಗ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು ಬೆನ್ನು ತಗ್ಗಿಸಿಬಿಟ್ಟಳು. ಅದೇ ತಿಂಗಳು ಹೊದಿಕೆ ತರಿಸಿದೆ.

ಇದಕ್ಕೆ ಬ್ಯಾಟರಿ ಇಲ್ಲ, ತಂತಿ ಇಲ್ಲ. ನೂಲಿನೊಳಗೇ ಸೆರಾಮಿಕ್ ಪುಡಿ ಸೇರಿಸಿರುತ್ತಾರೆ. ಕುದುರೆಯ ಮೈಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್. ಆ ಪುಡಿ ಅದನ್ನು ಹೀರಿ ಕಣ್ಣಿಗೆ ಕಾಣದ ಶಾಖದ ಕಿರಣವಾಗಿ (ಅವಕೆಂಪು, ಇನ್‌ಫ್ರಾರೆಡ್) ಹಿಂದಿರುಗಿಸುತ್ತದೆ ಎಂಬುದು ತಯಾರಕರ ಮಾತು. ಬಟ್ಟೆಯನ್ನು ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಹೊದಿಸಿ ಅರ್ಧ ಗಂಟೆಯ ನಂತರ ಅಡಿಗೆ ಕೈ ತೂರಿಸಿದರೆ, ಕೋಳಿ ಎದ್ದುಹೋದ ಗೂಡಿನಷ್ಟು ಬೆಚ್ಚಗಿರುತ್ತದೆ.

ಸಂಜೆ ಹುರುಳಿ ಬೇಯಿಸಿ ಆರಲು ಇಟ್ಟು ಕೊಟ್ಟಿಗೆಗೆ ಹೋಗುತ್ತೇನೆ. ಹೊದಿಕೆಯ ಪಟ್ಟಿಗಳಿಗೆ ಅಂಟಿದ ದರಕಿನ (ಒಣ ಎಲೆಯ) ಚೂರುಗಳನ್ನು ಒಂದೊಂದಾಗಿ ಕೀಳುತ್ತೇನೆ; ಒಂದು ಉಳಿದರೂ ರಾತ್ರಿಯಿಡೀ ಅವಳಿಗೆ ಚುಚ್ಚುತ್ತದೆ. ಮೈ ಉಜ್ಜಿ, ಹೆಗಲಿನಿಂದ ಸೊಂಟದವರೆಗೆ ಬೆನ್ನುಮೂಳೆಯ ಎರಡೂ ಬದಿಗೆ ಅಂಗೈ ಸರಿಸುತ್ತೇನೆ. ಆಮೇಲೆ ಹೊದಿಕೆ. ಸ್ವಲ್ಪ ಹೊತ್ತಿಗೆ ಕತ್ತು ಇಳಿಯುತ್ತದೆ, ಕೆಳತುಟಿ ಜೋಲುತ್ತದೆ, ಹಿಂಗಾಲೊಂದರ ಗೊರಸು ತುದಿಯ ಮೇಲೆ ನಿಲ್ಲುತ್ತದೆ. ಅದನ್ನು ನೋಡಲೆಂದೇ ಹುರುಳಿ ಕೊಡುವುದನ್ನು ತಡಮಾಡಿದ್ದೂ ಇದೆ.

ನಮ್ಮ ಮನೆಯಲ್ಲಿ ಯಾರಿಗೆ ಏನೇ ನೋವಾದರೂ ಮೊದಲು ತೈಲ. ಆದರೆ ತೈಲ, ಮುಲಾಮು ಹಚ್ಚಿದ ಮೈಮೇಲೆ ಇದನ್ನು ಹೊದಿಸಬಾರದೆಂದು ಜೊತೆಗೆ ಬಂದ ಚೀಟಿಯಲ್ಲಿತ್ತು. ತೈಲದ ಬಾಟಲಿ ಗೂಡು ಸೇರಿತು.

ಮೂರನೆಯ ತಿಂಗಳು ಹೀಗೆ ಕೈಯಾಡಿಸುವಾಗ ಎಡಬದಿಯಲ್ಲಿ, ಜೀನಿನ ಹಿಂತುದಿ ಕೂರುವಲ್ಲಿ, ಚರ್ಮ ಚಕ್ಕನೆ ಅದುರಿತು. ಮರುದಿನವೂ ಅಲ್ಲೇ. ಪಶುವೈದ್ಯರನ್ನು ಕರೆಸಿದೆ. "ಹೆಗಡೆಯವರೇ, ಹೊದಿಕೆ ಇರಲಿ, ಬೇಡ ಎನ್ನುವುದಿಲ್ಲ. ಮೊದಲು ಜೀನು ತನ್ನಿ" ಎಂದರು. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಜೀನಿನ ಭಾರ ಕೊನೆಯದರ ಆಚೆ ಬೀಳಬಾರದು. ಅವರು ಎಣಿಸಿ ತೋರಿಸಿದರು. ನಮ್ಮ ಜೀನು ಮೂರು ಬೆರಳು ಆಚೆ ಹೋಗಿತ್ತು. ಅಷ್ಟು ದಿನ ನಾವೇ ಹಗಲು ನೋವು ಕೊಟ್ಟು ರಾತ್ರಿ ಶಾಖ ಕೊಡುತ್ತಿದ್ದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಿಡ್ಡ ಜೀನು ಸಿಗುವವರೆಗೆ ಸವಾರಿ ನಿಲ್ಲಿಸಿದೆವು. ಎರಡು ತಿಂಗಳಲ್ಲಿ ಅದುರುವುದು ನಿಂತಿತು. ಹೊದಿಕೆಯಿಂದಲೇ ಗುಣವಾಯಿತು ಎಂದು ನಾನು ಹೇಳಲಾರೆ. ಆದರೆ ಅದು ಇಲ್ಲದ ಚಳಿ ರಾತ್ರಿಯ ಮರುದಿನ ಅವಳ ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುತ್ತವೆ, ಇದ್ದರೆ ಸಡಿಲವಾಗಿರುತ್ತವೆ. ಡಿಸೆಂಬರ್, ಜನವರಿಯ ಇಬ್ಬನಿಯಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ಏಪ್ರಿಲ್‌ನಲ್ಲಿ ಇದು ಬೇಡ. ಬೆವರು ಕಟ್ಟಿ ಹೆಗಲ ಬಳಿ ಕೂದಲು ಸವೆಯಿತು. ಕಾರವಾರದಲ್ಲಿ ಕುದುರೆ ಸಾಕಿರುವ ಪರಿಚಯದವರೊಬ್ಬರು ಕೇಳಿದಾಗ, ಕಡಲತಡಿಯ ಆ ಸೆಕೆಗೆ ಈ ದುಡ್ಡು ಹಾಕಬೇಡಿ, ಜೀನು ಸರಿಯಿದೆಯೇ ನೋಡಿಸಿ ಎಂದೆ.

ಮಳೆಗಾಲದಲ್ಲಿ ಹೊದಿಕೆಯನ್ನು ಬಚ್ಚಲೊಲೆಯಿಂದ ದೂರದ ಗಳಕ್ಕೆ ಹಾಕುತ್ತೇವೆ. ಹೊಗೆ ವಾಸನೆಗೆ ಗೌರಿ ಮೊದಲು ಮೂಗರಳಿಸಿ ಹಿಂದೆ ಸರಿಯುತ್ತಿದ್ದಳು, ಈಗ ಒಗ್ಗಿದೆ. ಈ ಸಲ ಚಾಲಿ ಮಾರಿದ ಮೇಲೆ ಇನ್ನೊಂದು ತರಿಸುತ್ತೇನೆ. ಪೂರ್ತಿ ಮೈಯದಲ್ಲ, ಬೆನ್ನು ಸೊಂಟ ಮಾತ್ರ ಮುಚ್ಚುವಂಥದ್ದು, ಬೇಗ ಒಣಗುತ್ತದೆ.