ಬಂದರಿನ ರೆಸಿನ್ ಅಂಗಡಿ: ಕೇಳಿ ಕೊಡುವವರು

ಸಸಿಹಿತ್ಲು ಕಡಲಿಗೆ ಅಂತ ಮನೆಯಲ್ಲೇ ಸರ್ಫ್ ಬೋರ್ಡ್ ಮಾಡುತ್ತಿದ್ದೇನೆ. ಮೊದಲ ಸಲ ಬೇರೆ ಕಡೆಯಿಂದ ರೆಸಿನ್ (ಬೋರ್ಡಿಗೆ ಹಚ್ಚಿದರೆ ಗಟ್ಟಿ ಪದರವಾಗುವ ಅಂಟುದ್ರವ) ತಂದಿದ್ದೆ. ಯಾವುದಕ್ಕೆ ಅಂತ ಕೇಳದೆ ಪಾಲಿಯೆಸ್ಟರ್ ರೆಸಿನ್ ಕೊಟ್ಟರು. ಹಚ್ಚಿದ್ದೇ ತಡ, ಬೋರ್ಡಿನ ಒಳಗಿನ ಥರ್ಮಾಕೋಲ್ ಕರಗಿ ಅಂಗೈ ಅಗಲದ ಗುಂಡಿ ಬಿತ್ತು. ತಿಂಗಳ ಕೆಲಸ ಅದು. ಹೊಟ್ಟೆ ಉರಿಯಿತು.

ಮಂಗಳೂರು ಬಂದರಿನ ಈ ಅಂಗಡಿಯವರು ದೋಣಿಯವರಿಗೇ ಜಾಸ್ತಿ ಮಾರುವುದು. ಆದರೂ ಮೊದಲು ಕೇಳಿದ್ದು, "ಒಳಗೆ ಯಾವ ಫೋಮ್ ಮಾರಾಯ್ರೆ?" ಥರ್ಮಾಕೋಲ್ ಅಂದೆ. ಅದನ್ನು ಕರಗಿಸದ ಎಪಾಕ್ಸಿ ರೆಸಿನ್ ತೆಗೆದಿಟ್ಟರು. ಮೇಲಿನ ಕೋಟ್‌ಗೆ ಅಗ್ಗದ ಪಾಲಿಯೆಸ್ಟರ್ ಸಾಕಲ್ವಾ ಅಂದರೆ, ಬೇಡವೇ ಬೇಡ ಅಂದರು. ಎಪಾಕ್ಸಿ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ, ಕೆಲವೊಮ್ಮೆ ಅಂಟಂಟಾಗಿಯೇ ಉಳಿಯುತ್ತದೆ. ಗಟ್ಟಿಯಾದ ಪಾಲಿಯೆಸ್ಟರನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಅದರ ಮೇಲೆ ಎಪಾಕ್ಸಿ ಹಚ್ಚಬಹುದು. ಉಲ್ಟಾ ಮಾಡಬಾರದು. ಎಷ್ಟು ಚೆನ್ನಾಗಿ ಹೇಳಿದರು!

ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಅಳತೆಯನ್ನೂ ಡಬ್ಬದ ಮೇಲೆ ಬರೆದುಕೊಟ್ಟರು. ಎಪಾಕ್ಸಿಗೆ ಸುಮ್ನೆ ಜಾಸ್ತಿ ಸುರಿದರೆ ಬೇಗ ಗಟ್ಟಿಯಾಗಲ್ಲ, ಮೆತ್ತಗೆ ಉಳಿಯುತ್ತದೆ.

ಬೆಲೆ ಜಾಸ್ತಿಯೇ. ಪಾರ್ಕಿಂಗ್ ಕಷ್ಟ. ಆದರೂ ಮುಂದಿನ ಸಲವೂ ಇಲ್ಲಿಗೇ ಹೋಗುತ್ತೇನೆ. ಬೋರ್ಡ್ ಈಗ ಜಗಲಿಯಲ್ಲಿದೆ. ಉಗುರು ಒತ್ತಿದರೂ ಗುರುತು ಬೀಳುತ್ತಿಲ್ಲ.